ವಿಲ್ ಪ್ರಕಾರ ಆಸ್ತಿ ಹಂಚುವಾಗ ಯಾವ ಬೆಲೆ ಹಿಡಿಯಬೇಕು: ಸರ್ಕಾರಿ ರೇಟೋ, ವ್ಯಾಲ್ಯೂಯರ್ ವರದಿಯೋ, ಮನೆಯವರ ಸವಾಲೋ (ಹರಾಜೋ)?

ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಮನೆ. ಚನ್ನಗಿರಿ ಕಡೆ ಎರಡು ಎಕರೆ ಅಡಿಕೆ ತೋಟ. ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ. ವಿಲ್‌ನಲ್ಲಿ "ನನ್ನ ಎಲ್ಲ ಆಸ್ತಿ ಮೂವರು ಮಕ್ಕಳಿಗೆ ಸಮನಾಗಿ ಸೇರತಕ್ಕದ್ದು" ಅಂತ ಒಂದು ಸಾಲು, ಅದರ ಕೆಳಗೆ ಎಕ್ಸಿಕ್ಯೂಟರ್ (ವಿಲ್ ಪ್ರಕಾರ ಆಸ್ತಿ ಹಂಚಿಕೊಡುವವರು) ಅಂತ ನಿಮ್ಮ ಹೆಸರು. ಹಿರಿಯ ಮಗ ಅದೇ ಮನೆಯಲ್ಲಿದ್ದಾನೆ, ಮನೆ ತನಗೆ ಬೇಕು ಅನ್ನುತ್ತಾನೆ. ಕಿರಿಯವನು ತೋಟ ನೋಡಿಕೊಳ್ಳುತ್ತಿದ್ದಾನೆ, ತೋಟ ತನಗಿರಲಿ ಅನ್ನುತ್ತಾನೆ. ಮಗಳು ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ, ಅವಳಿಗೆ ದುಡ್ಡು ಕೊಟ್ಟರೆ ಸಾಕು. ಎಲ್ಲರೂ ಒಪ್ಪಿದ್ದಾರೆ. ಆದರೆ ಯಾವ ಬೆಲೆಗೆ ಒಪ್ಪಿದ್ದಾರೆ ಅಂತ ಯಾರೂ ಕೇಳಿರುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಮನೆಗೆ ಸರ್ಕಾರಿ ರೇಟು (ನೋಂದಣಿಗೆ ಅಂತ ಸರ್ಕಾರ ಗೊತ್ತು ಮಾಡಿದ ದರ) 60 ಲಕ್ಷ, ಮಾರ್ಕೆಟ್‌ನಲ್ಲಿ 90 ಲಕ್ಷ. ತೋಟಕ್ಕೆ ಸರ್ಕಾರಿ ರೇಟು 15 ಲಕ್ಷ, ಮಾರ್ಕೆಟ್‌ನಲ್ಲಿ 60 ಲಕ್ಷ. ಠೇವಣಿ 60 ಲಕ್ಷ, ಅದು ಮಗಳಿಗೆ. ಮಾರ್ಕೆಟ್ ಬೆಲೆ ಹಿಡಿದರೆ ಒಟ್ಟು 210 ಲಕ್ಷ, ತಲೆಗೆ 70. ಮನೆ ತೆಗೆದುಕೊಂಡವನು 20 ಲಕ್ಷ ಹೊರಗೆ ಕೊಡಬೇಕು, ಅದರಲ್ಲಿ ತೋಟದವನಿಗೆ 10, ತಂಗಿಗೆ 10. ಮೂವರೂ ಸಮ.

ಈಗ ಸರ್ಕಾರಿ ರೇಟು ಹಿಡಿಯಿರಿ. ಒಟ್ಟು 135 ಲಕ್ಷ, ತಲೆಗೆ 45. ಮನೆಯವನು 15 ಲಕ್ಷ ಕೊಡಬೇಕು. ತಂಗಿಯ ಹತ್ತಿರ 60 ಲಕ್ಷ ನಗದು ಇದೆಯಲ್ಲ, ಅವಳೂ 15 ಲಕ್ಷ ಬಿಟ್ಟುಕೊಡಬೇಕು. ತೋಟದವನಿಗೆ ಈ 30 ಲಕ್ಷವೂ ಹೋಗುತ್ತದೆ. ನಿಜವಾಗಿ ಕೈಗೆ ಬಂದದ್ದು: ತೋಟದವನಿಗೆ 90, ಮನೆಯವನಿಗೆ 75, ತಂಗಿಗೆ 45. ಕಾಗದದಲ್ಲಿ ಮೂವರಿಗೂ "ಸಮ". ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ದುಡ್ಡು ತೆಗೆದುಕೊಂಡು ಹೋಗುವವರು ಹೆಣ್ಣುಮಕ್ಕಳೇ. ಹಾಗಾಗಿ ಸರ್ಕಾರಿ ರೇಟಿನಲ್ಲಿ ಲೆಕ್ಕ ಮಾಡುವುದು ಅಂದರೆ ಅವರ ಪಾಲು ಕತ್ತರಿಸುವುದು ಅಂತಲೇ ನನ್ನ ಅಭಿಪ್ರಾಯ. ಯಾರೂ ಬೇಕು ಅಂತ ಮಾಡಿರುವುದಿಲ್ಲ, ಆದರೂ ಆಗುವುದು ಅದೇ.

ಬೆಲೆ ಕಟ್ಟುವ ಮೊದಲು ವಿಲ್ ಇನ್ನೊಮ್ಮೆ ಓದಿ

ಎಲ್ಲ ವಿಲ್‌ಗೂ ಬೆಲೆ ಕಟ್ಟುವ ಕೆಲಸ ಇರುವುದಿಲ್ಲ. "ಪಿ.ಜೆ. ಬಡಾವಣೆಯ ಮನೆ ಹಿರಿಯ ಮಗನಿಗೆ, ಜಗಳೂರಿನ ಜಮೀನು ಕಿರಿಯವನಿಗೆ" ಅಂತ ವಸ್ತು ಹೆಸರಿಸಿ ಬರೆದಿದ್ದರೆ ಆ ವಸ್ತು ಅವರದ್ದು, ಅಷ್ಟೇ. ಒಂದರ ಬೆಲೆ ಏರಿದೆ ಇನ್ನೊಂದರದು ಇಳಿದಿದೆ ಅಂತ ಎಕ್ಸಿಕ್ಯೂಟರ್ ಸರಿದೂಗಿಸಲು ಹೋಗಬಾರದು. ಬರೆದವರು ಬದುಕಿದ್ದಾಗಲೇ ಆ ಜಮೀನು ಮಾರಿಬಿಟ್ಟಿದ್ದರೆ ಕಿರಿಯವನಿಗೆ ಅದರ ಬದಲು ದುಡ್ಡೂ ಸಿಗುವುದಿಲ್ಲ. "ನನ್ನ ತಂಗಿಗೆ 5 ಲಕ್ಷ" ಅಂತ ಮೊತ್ತ ಬರೆದಿದ್ದರೆ ಅಲ್ಲಿಯೂ ಬೆಲೆಯ ಪ್ರಶ್ನೆ ಇಲ್ಲ. ಬೆಲೆ ಬೇಕಾಗುವುದು "ಸಮನಾಗಿ", "ಮೂರನೇ ಒಂದು ಪಾಲು", "ಉಳಿದದ್ದೆಲ್ಲ ಇಬ್ಬರಿಗೆ" ಅನ್ನುವ ಕಡೆ. ಮತ್ತೆ ಸಾಲ ತೀರಿಸಲು ಆಸ್ತಿ ಸಾಲದಿದ್ದಾಗ.

ಆ ಸಾಲದ ವಿಷಯವನ್ನು ಜನ ಮರೆತೇ ಬಿಡುತ್ತಾರೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೊದಲು ಅಂತ್ಯಕ್ರಿಯೆ ಮತ್ತು ಕೊನೆಯ ಕಾಯಿಲೆಯ ಖರ್ಚು, ಆಮೇಲೆ ಸಾಲಗಳು, ಅದೆಲ್ಲ ತೀರಿದ ಮೇಲೆ ವಿಲ್‌ನಲ್ಲಿ ಬರೆದವರ ಪಾಲು. ಒಂದು ನಿರ್ದಿಷ್ಟ ವಸ್ತುವಿನ ಮೇಲೆಯೇ ಅಡಮಾನ ಇದ್ದರೆ, ಉದಾಹರಣೆಗೆ ತೋಟದ ಪಹಣಿಯಲ್ಲಿ ಸೊಸೈಟಿ ಸಾಲ ಕೂತಿದ್ದರೆ ಅಥವಾ ಬಳೆಗಳು ಬ್ಯಾಂಕಿನಲ್ಲಿ ಅಡ ಇದ್ದರೆ, ವಿಲ್‌ನಲ್ಲಿ ಬೇರೆ ಹೇಳದಿದ್ದಲ್ಲಿ ಆ ವಸ್ತು ಪಡೆದವರೇ ಆ ಸಾಲವನ್ನೂ ಹೊರಬೇಕು. ಸಮಪಾಲಿನ ಲೆಕ್ಕದಲ್ಲಿ ಆದರೆ ತೋಟದ ಬೆಲೆಯಿಂದ ಆ ಸಾಲ ಕಳೆದೇ ಬರೆದುಕೊಳ್ಳಿ.

ಇನ್ನೊಂದು, ವಿಲ್ ಬರೆದವರದ್ದಲ್ಲದ ಆಸ್ತಿ ಲೆಕ್ಕಕ್ಕೆ ಬರಬಾರದು. ಲಾಕರಿನಲ್ಲಿರುವ ಅಮ್ಮನ ಒಡವೆ ಅಪ್ಪನ ವಿಲ್‌ಗೆ ಸೇರುವುದಿಲ್ಲ, ಅದು ಅಮ್ಮನದು. ಪಿತ್ರಾರ್ಜಿತ ಆಸ್ತಿಯಲ್ಲಿ ಅಪ್ಪನ ಪಾಲು ಎಷ್ಟೋ ಅಷ್ಟು ಮಾತ್ರ ವಿಲ್‌ಗೆ ಬರುತ್ತದೆ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಅದರಲ್ಲಿ ಹುಟ್ಟಿನಿಂದಲೇ ಸಮಪಾಲು ಇರುವುದರಿಂದ, ತಂಗಿಯ ಪಾಲನ್ನು ತಂಗಿಗೇ ಹಂಚಿಕೊಡುವ ವಿಚಿತ್ರ ಆಗದಂತೆ ಇದನ್ನು ಮೊದಲೇ ವಕೀಲರ ಹತ್ತಿರ ಬಿಡಿಸಿಕೊಳ್ಳಿ.

ಸರ್ಕಾರಿ ರೇಟು, ಅಂದರೆ ಮಾರ್ಗಸೂಚಿ ದರ

ಇದರ ಅನುಕೂಲ ಒಂದೇ: ಪುಕ್ಕಟೆ, ಮತ್ತು ಯಾರೂ ತಕರಾರು ತೆಗೆಯುವಂತಿಲ್ಲ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟ್‌ನಲ್ಲಿ ಊರು, ಬಡಾವಣೆ ಹಾಕಿದರೆ ಸಿಗುತ್ತದೆ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಈ ದರ ಪರಿಷ್ಕರಣೆಯಾಗಿ ಏರಿತು. ಆದರೂ ನೋಂದಣಿ ಶುಲ್ಕ ವಸೂಲಿಗೆ ಅಂತ ಮಾಡಿದ ದರ ಅದು. ರಸ್ತೆ ಮೂಲೆಯ ಸೈಟು, ನಾಲೆಯ ಕೊನೇ ಭಾಗದ ಗದ್ದೆ, ಬತ್ತಿದ ಬೋರ್‌ವೆಲ್, ಖಾಲಿ ಮಾಡದ ಬಾಡಿಗೆದಾರ, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ. ಜಮೀನನ್ನು ಖುಷ್ಕಿ (ಒಣಭೂಮಿ), ತರಿ (ಗದ್ದೆ), ಬಾಗಾಯ್ತು (ತೋಟ) ಅಂತ ವಿಂಗಡಿಸಿ ದರ ಇಟ್ಟಿರುತ್ತಾರೆ, ಆದರೆ ಬೋರ್ ಕೊರೆಸಿ ಅಡಿಕೆ ಹಾಕಿ ಎಷ್ಟೋ ವರ್ಷ ಆಗಿದ್ದರೂ ದಾಖಲೆಯಲ್ಲಿ ಅದು ಇನ್ನೂ ಖುಷ್ಕಿ ಅಂತಲೇ ಇರುವ ಜಮೀನು ಭೀಮಸಮುದ್ರದಿಂದ ಚನ್ನಗಿರಿವರೆಗೆ ಬೇಕಾದಷ್ಟಿವೆ. ಅಂಥ ತೋಟಕ್ಕೆ ಒಣಭೂಮಿಯ ರೇಟು ಹಿಡಿದರೆ ಹೇಗೆ ಅಲ್ವಾ?

ನನ್ನ ಪ್ರಕಾರ ಈ ದರ ಬಳಸಬಹುದಾದ ಸಂದರ್ಭ ಒಂದಿದೆ. ಎಲ್ಲರೂ ಒಂದೇ ತರಹದ ಆಸ್ತಿ, ಒಂದೇ ಜಾಗದಲ್ಲಿ ಪಡೆಯುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಒಂದೇ ಬಡಾವಣೆಯ ಮೂರು 30x40 ಸೈಟು ಮೂವರಿಗೆ. ಆಗ ದರ ಕಡಿಮೆ ಇದ್ದರೂ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕಡಿಮೆ, ಅನ್ಯಾಯ ಆಗುವುದಿಲ್ಲ. ಒಬ್ಬರು ನಗದು ತೆಗೆದುಕೊಳ್ಳುತ್ತಾರೆ ಅಂದ ತಕ್ಷಣ ಇದನ್ನು ಬದಿಗಿಡಿ.

ವ್ಯಾಲ್ಯೂಯರ್ ವರದಿ

ಒಬ್ಬರು ವಸ್ತು, ಒಬ್ಬರು ದುಡ್ಡು ತೆಗೆದುಕೊಳ್ಳುವಾಗ ನಾನು ಮೊದಲು ಹೇಳುವುದು ಇದನ್ನೇ. ನೋಂದಾಯಿತ ವ್ಯಾಲ್ಯೂಯರ್, ಅಂದರೆ ಆಸ್ತಿಗೆ ಬೆಲೆ ಕಟ್ಟುವ ತಜ್ಞರು, ಸ್ಥಳಕ್ಕೆ ಬಂದು ಅಳತೆ ಮಾಡಿ, ಕಟ್ಟಡದ ವಯಸ್ಸು ನೋಡಿ, ಸುತ್ತಮುತ್ತ ಮಾರಾಟವಾದ ಬೆಲೆ ವಿಚಾರಿಸಿ ಬರೆದುಕೊಡುತ್ತಾರೆ. ಫೀಸು ಎಸ್ಟೇಟಿನ (ತೀರಿಕೊಂಡವರು ಬಿಟ್ಟುಹೋದ ಒಟ್ಟು ಆಸ್ತಿಯ) ಖರ್ಚಿನಲ್ಲೇ ಹೋಗಲಿ, ಒಬ್ಬರೇ ಕೊಡುವುದು ಬೇಡ. ಫೀಸು ಕೊಟ್ಟವರ ಕಡೆ ವಾಲಿದ ವರದಿ ಅನ್ನುವ ಮಾತು ಆಮೇಲೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಬ್ಯಾಂಕ್ ಸಾಲಕ್ಕೆ ಮಾಡುವ ನಮೂನೆಯ ವರದಿಯಲ್ಲಿ ಸಾಮಾನ್ಯವಾಗಿ ಮೂರು ಅಂಕಿ ಇರುತ್ತವೆ: ಮಾರ್ಕೆಟ್ ವ್ಯಾಲ್ಯೂ, ಅದಕ್ಕಿಂತ ಕಡಿಮೆ ರಿಯಲೈಸಬಲ್ ವ್ಯಾಲ್ಯೂ, ಇನ್ನೂ ಕಡಿಮೆ ಡಿಸ್ಟ್ರೆಸ್ ವ್ಯಾಲ್ಯೂ. ಕೊನೆಯದು ಅರ್ಜೆಂಟಿಗೆ ಮಾರಿದರೆ ಬರುವ ಬೆಲೆ. ಮನೆ ಬೇಕಾದ ಅಣ್ಣ ಡಿಸ್ಟ್ರೆಸ್ ವ್ಯಾಲ್ಯೂ ತೋರಿಸುತ್ತಾನೆ, ದುಡ್ಡು ಬೇಕಾದ ತಂಗಿ ಮಾರ್ಕೆಟ್ ವ್ಯಾಲ್ಯೂ ತೋರಿಸುತ್ತಾಳೆ, ಇಬ್ಬರ ಕೈಯಲ್ಲಿರುವುದೂ ಒಂದೇ ವರದಿ. ಹಂಚಿಕೆಗೆ ಮೊದಲನೆಯ ಅಂಕಿ ಅಂತ ವರದಿ ಬರುವ ಮುಂಚೆಯೇ ಮಾತಾಡಿಕೊಳ್ಳಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಪಕ್ಕದ ಆಸ್ತಿಗಳ ಕ್ರಯಪತ್ರದ ನಕಲು ತೆಗೆಸಿದರೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಪತ್ರದಲ್ಲಿ ಬರೆಯುವ ಬೆಲೆ ಎಷ್ಟೋ ಸಲ ಸರ್ಕಾರಿ ರೇಟಿನ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಅದೊಂದನ್ನೇ ನಂಬಿ ಕೂರಬೇಡಿ.

ಮನೆಯವರೊಳಗೇ ಸವಾಲು

ಖರ್ಚಿಲ್ಲದ ದಾರಿ, ಮತ್ತು ಇಬ್ಬರಿಗೂ ಅದೇ ವಸ್ತು ಬೇಕಿದ್ದಾಗ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಪ್ರತಿಯೊಬ್ಬರೂ ತಾವು ಯಾವ ಬೆಲೆಗೆ ಆ ಆಸ್ತಿ ತೆಗೆದುಕೊಳ್ಳುತ್ತೇವೆ ಅಂತ ಚೀಟಿಯಲ್ಲಿ ಬರೆದು ಮಡಿಚಿ ಕೊಡುತ್ತಾರೆ. ಜಾಸ್ತಿ ಬರೆದವರಿಗೆ ಆಸ್ತಿ, ಆ ಬೆಲೆ ಅವರ ಪಾಲಿಗೆ ಖರ್ಚು. ಹಿರಿಯರು ಕೂತು ಪಾಲು ಮಾಡುವಾಗ ಪಾಲು ಹಾಕಿದವನು ಕೊನೆಗೆ ಆರಿಸಬೇಕು ಅನ್ನುವ ಪದ್ಧತಿಯೂ ಇದೇ ಬುದ್ಧಿವಂತಿಕೆಯದು.

ಆದರೆ ಸವಾಲು ನ್ಯಾಯವಾಗಿರಲು ಎಲ್ಲರ ಹತ್ತಿರ ಕೂಗುವ ತಾಕತ್ತು ಇರಬೇಕು. ಒಬ್ಬ ಮಗ ಬೆಂಗಳೂರಿನಲ್ಲಿ ದೊಡ್ಡ ಸಂಬಳದಲ್ಲಿದ್ದು, ಇನ್ನೊಬ್ಬ ಊರಲ್ಲಿ ಮೆಕ್ಕೆಜೋಳ ಬೆಳೆದುಕೊಂಡಿದ್ದರೆ, ಗೆಲ್ಲುವವನು ಯಾರು ಅಂತ ಮೊದಲೇ ಗೊತ್ತು. ಅಂಥ ಕಡೆ ವ್ಯಾಲ್ಯೂಯರ್ ಬೆಲೆಯನ್ನೇ ತಳಬೆಲೆ ಅಂತ ಇಟ್ಟು, ಹಣ ಕೊಡಲು ಒಂದು ವರ್ಷದ ಕಂತು ಬಿಟ್ಟರೆ ಸ್ವಲ್ಪ ಸರಿಹೋಗುತ್ತದೆ. ಇನ್ನೊಂದು ಮಿತಿ: ಪಾಲುದಾರರಲ್ಲಿ ಅಪ್ರಾಪ್ತ ಮಗು ಇದ್ದರೆ ಸವಾಲು, ಬಾಯಿಮಾತಿನ ಒಪ್ಪಂದ ಎರಡೂ ಬೇಡ. ಮಗುವಿನ ಸ್ಥಿರಾಸ್ತಿ ಬಿಟ್ಟುಕೊಡಲು ಪೋಷಕರಿಗೆ ಕೋರ್ಟಿನ ಅನುಮತಿ ಬೇಕಾಗುತ್ತದೆ, ಅಲ್ಲಿ ಕೇಳುವುದು ಬೆಲೆಯ ಆಧಾರವನ್ನೇ.

ಮಾರಿ ದುಡ್ಡು ಹಂಚುವುದು

ಮಾರಿದ ಮೇಲೆ ಬೆಲೆಯ ಬಗ್ಗೆ ವಾದವೇ ಉಳಿಯುವುದಿಲ್ಲ, ಬಂದದ್ದೇ ಬೆಲೆ. ಯಾರಿಗೂ ಆಸ್ತಿ ಬೇಡ ಅನ್ನುವ ಕಡೆ ಇದೇ ಸರಿ. ಬ್ರೋಕರ್ ಕಮಿಷನ್, ತೆರಿಗೆ ಕಳೆದು ಉಳಿದದ್ದನ್ನು ಹಂಚಬೇಕು ಅನ್ನುವುದು ನೆನಪಿರಲಿ. ಸರ್ಕಾರಿ ರೇಟಿಗಿಂತ ತೀರಾ ಕಡಿಮೆ ಬೆಲೆಗೆ ಪತ್ರ ಮಾಡಿದರೆ ಆದಾಯ ತೆರಿಗೆಯವರು ಸರ್ಕಾರಿ ರೇಟನ್ನೇ ಮಾರಿದ ಬೆಲೆ ಅಂತ ಹಿಡಿಯುತ್ತಾರೆ, ಶೇ. 10ರಷ್ಟು ವ್ಯತ್ಯಾಸಕ್ಕೆ ಮಾತ್ರ ರಿಯಾಯಿತಿ. ಅವಸರ ಬೇಡ. ತೀರಿಕೊಂಡ ದಿನದಿಂದ ಒಂದು ವರ್ಷ ಆಗುವವರೆಗೆ ಪಾಲು ಕೊಡಲೇಬೇಕು ಅಂತ ಎಕ್ಸಿಕ್ಯೂಟರ್ ಮೇಲೆ ಕಾನೂನಿನ ಒತ್ತಾಯ ಇಲ್ಲ.

ಯಾವ ದಿನದ ಬೆಲೆ?

ಇದು ವಿಧಾನದಷ್ಟೇ ದೊಡ್ಡ ಪ್ರಶ್ನೆ. ನಮ್ಮಲ್ಲಿ 1985ರಲ್ಲಿ ಎಸ್ಟೇಟ್ ಡ್ಯೂಟಿ ತೆಗೆದುಹಾಕಿದ ಮೇಲೆ ಉತ್ತರಾಧಿಕಾರಕ್ಕೆ ತೆರಿಗೆ ಇಲ್ಲ, ಹಾಗಾಗಿ ತೀರಿಕೊಂಡ ದಿನದ ಬೆಲೆ ತೆರಿಗೆಗೆ ಅಂತ ಬೇಕಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಆ ತೆರಿಗೆ ಇದೆ, ತೀರಿಕೊಂಡ ದಿನದ ಬೆಲೆ ಬರೆದುಕೊಳ್ಳುತ್ತಾರೆ, ಆದರೆ ಒಂದು ಆಸ್ತಿಯನ್ನು ಒಬ್ಬರ ಪಾಲಿಗೆ ಲೆಕ್ಕ ಹಿಡಿದು ಕೊಡುವಾಗ ಅಲ್ಲೂ ಕೊಡುವ ದಿನದ ಬೆಲೆಯನ್ನೇ ನೋಡುತ್ತಾರೆ. ನಾನೂ ಅದರ ಪರ. ಅಪ್ಪ ತೀರಿಕೊಂಡು ಎರಡು ವರ್ಷದ ಮೇಲೆ ಹಂಚಿಕೆ ನಡೆದರೆ, ಮಧ್ಯೆ ಚಿನ್ನ ಏರಿರುತ್ತದೆ, ಸೈಟು ಏರಿರುತ್ತದೆ, ಠೇವಣಿಗೆ ಬಡ್ಡಿ ಮಾತ್ರ ಸೇರಿರುತ್ತದೆ. ಹಳೆಯ ದಿನದ ಬೆಲೆ ಹಿಡಿದರೆ ವಸ್ತು ಪಡೆದವರಿಗೆ ಏರಿಕೆ ಪೂರ್ತಿ ಪುಕ್ಕಟೆ ಸಿಕ್ಕಿದಂತೆ.

ತೀರಿಕೊಂಡ ದಿನದ ಪಟ್ಟಿಯೂ ಬೇಕು, ಅದನ್ನು ಬಿಡಬೇಡಿ. ಆ ದಿನ ಏನೇನಿತ್ತು, ಸಾಲ ಎಷ್ಟು ಅನ್ನುವುದಕ್ಕೆ ಅದೇ ಸಾಕ್ಷಿ. ದಾವಣಗೆರೆ, ಚಿತ್ರದುರ್ಗದಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್ (ವಿಲ್ ಸರಿಯಾದದ್ದು ಅನ್ನುವ ಕೋರ್ಟಿನ ಪ್ರಮಾಣಪತ್ರ) ಕಡ್ಡಾಯವಲ್ಲ, ಆದರೆ ಜಗಳದ ವಾಸನೆ ಬಂದು ಪ್ರೊಬೇಟ್ ಪಡೆದರೆ ಆರು ತಿಂಗಳೊಳಗೆ ಆಸ್ತಿ ಪಟ್ಟಿ, ಒಂದು ವರ್ಷದೊಳಗೆ ಲೆಕ್ಕ ಕೋರ್ಟಿಗೆ ಒಪ್ಪಿಸಬೇಕು. ಒಟ್ಟಿನಲ್ಲಿ ಹಂಚಿಕೆಗೆ ಒಂದು ದಿನ ಗೊತ್ತು ಮಾಡಿ, ಮನೆ, ತೋಟ, ಚಿನ್ನ, ಷೇರು ಎಲ್ಲಕ್ಕೂ ಅದೇ ದಿನದ ಬೆಲೆ. ಮನೆಗೆ ಹೋದ ವರ್ಷದ ಬೆಲೆ, ಚಿನ್ನಕ್ಕೆ ಇವತ್ತಿನ ರೇಟು ಅನ್ನುವ ಬೆರಕೆ ಲೆಕ್ಕ ಬೇಡವೇ ಬೇಡ.

ಅಡಿಕೆ ತೋಟ, ಒಣಭೂಮಿ, ಮಳಿಗೆ

ಅಡಿಕೆ ತೋಟಕ್ಕೆ ಎಕರೆಗೆ ಇಷ್ಟು ಅನ್ನುವ ಆಡುಮಾತಿನ ರೇಟು ಕೇಳಿ ಬರೆದುಕೊಳ್ಳುವುದು ಸುಮ್ನೆ. ಮರ ಎಣಿಸಿ. 9 ಅಡಿಗೆ 9 ಅಡಿ ಅಂತರ ಇದ್ದರೆ ಎಕರೆಗೆ 530ರ ಆಸುಪಾಸು ಮರ ಇರಬೇಕು. ಎಷ್ಟು ಫಸಲು ಕೊಡುವ ವಯಸ್ಸಿನವು, ಎಷ್ಟು ಎಳೆಯವು, ಎಷ್ಟು ಒಣಗಿವೆ ನೋಡಿ. ನೀರು ಭದ್ರಾ ನಾಲೆಯದೋ, ಕೆರೆಯದೋ, ಬರೀ ಬೋರೋ? ಖೇಣಿಗೆ (ಫಸಲನ್ನು ಮರದಲ್ಲಿದ್ದಾಗಲೇ ಗುತ್ತಿಗೆಗೆ) ಕೊಡುತ್ತಿದ್ದರೆ ಹಿಂದಿನ ಕೆಲವು ವರ್ಷಗಳ ಖೇಣಿ ಮೊತ್ತ ನೋಡಿ, ತೋಟದ ನಿಜವಾದ ಆದಾಯಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಸಿಗುವುದಿಲ್ಲ. ಚನ್ನಗಿರಿಯ ಅಡಿಕೆ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್‌ಗೆ ಅಡಿಕೆ ಹಾಕುತ್ತಿದ್ದರೆ ಅಲ್ಲಿಯ ಲೆಕ್ಕಪತ್ರವೂ ಇರುತ್ತದೆ. ರಾಶಿ ಅಡಿಕೆಯ ರೇಟು ಏರಿದ ಒಂದು ವರ್ಷವನ್ನೋ ಬಿದ್ದ ಒಂದು ವರ್ಷವನ್ನೋ ಮಾತ್ರ ಹಿಡಿಯಬೇಡಿ, ಸರಾಸರಿ ತೆಗೆಯಿರಿ. ತೀರಿಕೊಂಡ ದಿನ ಮರದಲ್ಲಿದ್ದ ಫಸಲು, ಗೋಡೌನಿನಲ್ಲಿದ್ದ ಚೀಲ ಎರಡೂ ಎಸ್ಟೇಟಿನ ಲೆಕ್ಕಕ್ಕೆ ಬೇರೆಯಾಗಿ ಬರಬೇಕು.

ಚಿತ್ರದುರ್ಗ, ಚಳ್ಳಕೆರೆ ಕಡೆಯ ಒಣಭೂಮಿಯ ಕಷ್ಟವೇ ಬೇರೆ. ಅಲ್ಲಿ ಬೆಲೆ ನಿಂತಿರುವುದು ಇವತ್ತಿನ ಶೇಂಗಾ ಬೆಳೆಯ ಮೇಲೆ ಅಷ್ಟಕ್ಕಷ್ಟೆ, ಭದ್ರಾ ಮೇಲ್ದಂಡೆಯ ನೀರು ಬರುತ್ತದೆ, ರೈಲು ಮಾರ್ಗ ಹಾಯುತ್ತದೆ, ಹೆದ್ದಾರಿ ಪಕ್ಕ ಯಾರಾದರೂ ಕೊಳ್ಳುತ್ತಾರೆ ಅನ್ನುವ ನಿರೀಕ್ಷೆಯ ಮೇಲೆ ಜಾಸ್ತಿ. ನಿರೀಕ್ಷೆಗೆ ಬೆಲೆ ಕಟ್ಟಲು ಹೋಗಿ ಕುಟುಂಬಗಳು ಮುರಿಯುತ್ತವೆ. ಅದರ ಬದಲು ಜಮೀನನ್ನೇ ಅಳತೆಯಲ್ಲಿ ಭಾಗ ಮಾಡಿ, 11ಇ ನಕ್ಷೆ (ಭಾಗವಾದ ತುಂಡುಗಳನ್ನು ತೋರಿಸುವ ಸರ್ವೆ ನಕ್ಷೆ) ಮಾಡಿಸಿ, ಎಲ್ಲರಿಗೂ ಒಂದೊಂದು ತುಂಡು ಕೊಡಿ. ನಾಳೆ ಏರಿದರೆ ಎಲ್ಲರಿಗೂ ಏರಲಿ. ಜಮೀನು ಸರ್ಕಾರದಿಂದ ಪರಿಶಿಷ್ಟ ಕುಟುಂಬಕ್ಕೆ ಮಂಜೂರಾದದ್ದಾದರೆ 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ, ಅದಕ್ಕೆ ಪಕ್ಕದ ಹೊಲದ ಬೆಲೆ ಹಿಡಿದರೆ ತಪ್ಪಾಗುತ್ತದೆ.

ದಾವಣಗೆರೆಯ ಮಂಡಿಪೇಟೆಯಲ್ಲೋ ಚಿತ್ರದುರ್ಗದ ಲಕ್ಷ್ಮೀ ಬಜಾರಿನಲ್ಲೋ ಹಳೆಯ ಬಾಡಿಗೆದಾರ ಕೂತಿರುವ ಮಳಿಗೆಗೆ ಖಾಲಿ ಮಳಿಗೆಯ ಬೆಲೆ ಹಾಕಬಾರದು. ವರ್ಷಕ್ಕೆ ಬರುವ ಬಾಡಿಗೆ ಎಷ್ಟು, ಬಿಡಿಸಲು ಎಷ್ಟು ಕಾಲ ಬೇಕು, ಅಡ್ವಾನ್ಸ್ ಎಷ್ಟು ವಾಪಸ್ ಕೊಡಬೇಕು ಅನ್ನುವುದೆಲ್ಲ ಬೆಲೆಯಿಂದ ಕಳೆಯುವ ಬಾಬತ್ತುಗಳು. ಹಾಗೇ ಮಂಡಕ್ಕಿ ಭಟ್ಟಿಯಲ್ಲೋ ದಲ್ಲಾಳಿ ಅಂಗಡಿಯಲ್ಲೋ ಪಾಲು ಇದ್ದರೆ ಪಾಲುದಾರಿಕೆ ಪತ್ರ ಮೊದಲು ಓದಿ. ಬೇರೆ ಒಪ್ಪಂದ ಇಲ್ಲದಿದ್ದರೆ, ಲೆಕ್ಕ ಚುಕ್ತಾ ಆಗದೆ ಉಳಿದ ಪಾಲುದಾರರು ವ್ಯಾಪಾರ ಮುಂದುವರಿಸಿದಷ್ಟು ಕಾಲ ತೀರಿಕೊಂಡವರ ಕಡೆಯವರಿಗೆ ಲಾಭದ ಪಾಲು ಅಥವಾ ಅವರ ಹಣಕ್ಕೆ ವರ್ಷಕ್ಕೆ ಶೇ. 6 ಬಡ್ಡಿ, ಎರಡರಲ್ಲಿ ಒಂದನ್ನು ಆರಿಸುವ ಹಕ್ಕು 1932ರ ಪಾಲುದಾರಿಕೆ ಕಾಯ್ದೆಯಲ್ಲಿದೆ. ಇದನ್ನು ಕೇಳದೆ ಬಿಟ್ಟುಬಿಡುವವರೇ ಜಾಸ್ತಿ.

ಚಿನ್ನ ಮತ್ತು ಷೇರು

ಚಿನ್ನವನ್ನು ಗ್ರಾಂ ಲೆಕ್ಕದಲ್ಲೇ ಹಂಚಿದರೆ ರೇಟಿನ ಮಾತೇ ಬರುವುದಿಲ್ಲ. ಒಬ್ಬರು ಪೂರ್ತಿ ಇಟ್ಟುಕೊಳ್ಳುತ್ತಾರೆ ಅಂದರೆ ಹರಳು, ಅರಗು ಕಳೆದ ನಿವ್ವಳ ತೂಕ, ಶುದ್ಧತೆ, ಆ ದಿನದ 22 ಕ್ಯಾರೆಟ್ ರೇಟು, ಅಷ್ಟು ಸಾಕು. ಕೊಂಡಾಗಿನ ಬಿಲ್ ನೋಡಬೇಡಿ, ಅದರಲ್ಲಿ ಕೂಲಿ, ವೇಸ್ಟೇಜ್ ಸೇರಿರುತ್ತದೆ. ಷೇರಿಗೆ ಆ ದಿನದ ಮುಕ್ತಾಯದ ಬೆಲೆ, ಮ್ಯೂಚುವಲ್ ಫಂಡ್‌ಗೆ ಆ ದಿನದ ಎನ್‌ಎವಿ (ಒಂದು ಯೂನಿಟ್ಟಿನ ಬೆಲೆ). ನಾಮಿನಿ ಹೆಸರಿದೆ ಅಂತ ಷೇರು ಪೂರ್ತಿ ನಾಮಿನಿಯದಲ್ಲ. 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ, ಹಾಗಾಗಿ ಅದನ್ನೂ ಪಟ್ಟಿಗೆ ಸೇರಿಸಿ.

ಮುಂದೆ ಬರುವ ತೆರಿಗೆ ಯಾರ ತಲೆಗೆ?

ಪಿತ್ರಾರ್ಜಿತವಾಗಿ ಬಂದಾಗ ತೆರಿಗೆ ಇಲ್ಲ, ಮಾರಿದಾಗ ಇದೆ. ಮಾರುವವರು ತಮಗೆ ಬಂದ ದಿನದ ಬೆಲೆಯಿಂದ ಲಾಭ ಲೆಕ್ಕ ಹಾಕುವಂತಿಲ್ಲ, ಅಪ್ಪ ಕೊಂಡ ಬೆಲೆಯಿಂದ ಹಾಕಬೇಕು. ಅಪ್ಪ 2001ರ ಏಪ್ರಿಲ್ 1ಕ್ಕೆ ಮೊದಲೇ ಕೊಂಡಿದ್ದರೆ ಆ ದಿನದ ಬೆಲೆ ಹಿಡಿಯಬಹುದು, ಆದರೆ ಅಂದಿನ ಸರ್ಕಾರಿ ರೇಟಿಗಿಂತ ಜಾಸ್ತಿ ಹಿಡಿಯುವಂತಿಲ್ಲ. ನಮ್ಮ ಉದಾಹರಣೆಯ ಮನೆಗೆ 2001ರ ಬೆಲೆ 10 ಲಕ್ಷ ಅಂತಾದರೆ, 90ಕ್ಕೆ ಮಾರಿದಾಗ 80 ಲಕ್ಷ ಲಾಭ, ಶೇ. 12.5ರ ದರದಲ್ಲಿ 10 ಲಕ್ಷ ತೆರಿಗೆ, ಸೆಸ್ ಬೇರೆ. ಅದೇ ಹಳ್ಳಿಯ ಕೃಷಿ ಜಮೀನಾದರೆ ಈ ತೆರಿಗೆ ಇಲ್ಲ. ಆದರೆ ಜನಸಂಖ್ಯೆ 1 ಲಕ್ಷದಿಂದ 10 ಲಕ್ಷದೊಳಗಿನ ಊರಿನ ಗಡಿಯಿಂದ 6 ಕಿ.ಮೀ. ಒಳಗಿದ್ದರೆ ಅದು ಹಳ್ಳಿಯ ಜಮೀನು ಅಂತ ಲೆಕ್ಕವಿಲ್ಲ. ದಾವಣಗೆರೆ, ಚಿತ್ರದುರ್ಗ ಎರಡೂ ಈ ಗುಂಪಿನವೇ. ಹಾಗಾಗಿ ಶಾಮನೂರಿನ ಹತ್ತಿರದ ಹೊಲಕ್ಕೂ ಚನ್ನಗಿರಿಯ ದೂರದ ಹಳ್ಳಿಯ ತೋಟಕ್ಕೂ ಒಂದೇ ಮಾರ್ಕೆಟ್ ಬೆಲೆ ಇದ್ದರೂ ಕೈಗೆ ಉಳಿಯುವುದು ಒಂದೇ ಅಲ್ಲ.

ಈ ತೆರಿಗೆಯನ್ನು ಹಂಚಿಕೆಯಲ್ಲೇ ಕಳೆಯಬೇಕೇ? ಪಡೆದವರು ಬೇಗ ಮಾರುವುದು ಖಚಿತ ಅಂದರೆ ಕಳೆಯಿರಿ. ಅಲ್ಲೇ ವಾಸ ಮಾಡುತ್ತಾರೆ ಅಂದರೆ ಕಳೆಯಬೇಡಿ, ಬಾರದ ತೆರಿಗೆಗೆ ತಂಗಿ ಯಾಕೆ ದುಡ್ಡು ಬಿಡಬೇಕು?

ಎಕ್ಸಿಕ್ಯೂಟರ್ ತಾನೇ ಆಸ್ತಿ ತೆಗೆದುಕೊಳ್ಳುವಾಗ

ನಮ್ಮಲ್ಲಿ ಹಿರಿಯ ಮಗನೇ ಎಕ್ಸಿಕ್ಯೂಟರ್, ಮನೆ ಬೇಕಾದವನೂ ಅವನೇ ಆಗಿರುವುದು ಸಾಮಾನ್ಯ. ಎಸ್ಟೇಟಿನ ಆಸ್ತಿಯನ್ನು ಎಕ್ಸಿಕ್ಯೂಟರ್ ನೇರವಾಗಿಯೋ ಬೇರೆಯವರ ಹೆಸರಲ್ಲೋ ಕೊಂಡರೆ, ಅದರಲ್ಲಿ ಹಿತಾಸಕ್ತಿ ಇರುವ ಯಾರು ಬೇಕಾದರೂ ಆ ಕ್ರಯವನ್ನು ರದ್ದು ಮಾಡಿಸಬಹುದು ಅಂತ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ಆದ್ದರಿಂದ ನೀವೇ ತೆಗೆದುಕೊಳ್ಳುವುದಾದರೆ ಬೆಲೆಯನ್ನು ನೀವು ಹೇಳಬೇಡಿ. ವ್ಯಾಲ್ಯೂಯರನ್ನು ಉಳಿದವರು ಆರಿಸಲಿ. ವರದಿ, ಸಾಲದ ಪಟ್ಟಿ, ಹಂಚಿಕೆ ದಿನದ ಬೆಲೆ ಪಟ್ಟಿ ಎಲ್ಲದರ ಒಂದೊಂದು ಪ್ರತಿ ಎಲ್ಲರ ಕೈಗೆ ಮುಂಚೆಯೇ ಕೊಡಿ, ಓದಲು ಸಮಯ ಬಿಡಿ, ವಕೀಲರಿಗೆ ತೋರಿಸಬೇಕು ಅಂದವರಿಗೆ ತೋರಿಸಲು ಬಿಡಿ. ಪ್ರತಿ ಪುಟಕ್ಕೂ ಎಲ್ಲರ ಸಹಿ ಆದ ಮೇಲೆ ವ್ಯತ್ಯಾಸದ ಹಣ ಬ್ಯಾಂಕ್ ಮೂಲಕವೇ ಹೋಗಲಿ. ಆಸ್ತಿಯ ಖಾತೆ ಬದಲಾವಣೆಗೆ ಅರ್ಜಿ ಕೊಡುವುದು ತಂಗಿಯ ಬ್ಯಾಂಕ್ ಖಾತೆಗೆ ಆ ಹಣ ಜಮೆ ಆದ ಮೇಲೆ, ಅದಕ್ಕೂ ಮೊದಲು ಬೇಡ.